ಮಗಳ ಪುಸ್ತಕ ನೀವೂ ಓದಿ

ಸಂಜೆ ದೀಪ ಹಚ್ಚಿ, ಒಲೆಯ ಮೇಲೆ ಅನ್ನಕ್ಕಿಟ್ಟಿದ್ದೀರಿ. ಹತ್ತನೇ ತರಗತಿಯ ಮಗಳು ಪುಸ್ತಕ ಹಿಡಿದು ಬಂದು, “ಅಮ್ಮಾ, ಪಿತ್ತರಸ ಎಲ್ಲಿ ತಯಾರಾಗತ್ತೆ?” ಎಂದು ಕೇಳುತ್ತಾಳೆ. “ನನ್ನನ್ನೇನು ಕೇಳ್ತೀಯೇ, ಅಪ್ಪ ಬರ್ಲಿ ತಡಿ” ಎಂದು ನೀವು ಒಗ್ಗರಣೆಯ ಕಡೆಗೆ ತಿರುಗುತ್ತೀರಿ. ಅಪ್ಪನಿಗೂ ಗೊತ್ತಿರುವುದಿಲ್ಲ ಎನ್ನುವುದು ಬೇರೆ ಮಾತು!

ಆದರೆ ಸೋದರಿ, ಒಂದು ಗಳಿಗೆ ಯೋಚನೆ ಮಾಡಿ. ಮನೆಯಲ್ಲಿ ಯಾರಿಗೆ ಅಜೀರ್ಣವಾಯಿತು, ಯಾರಿಗೆ ಜ್ವರ ಬಂತು, ಮಗು ಯಾಕೆ ಹಾಲು ಕುಡಿಯುತ್ತಿಲ್ಲ, ಅತ್ತೆಯ ಕಾಲು ಯಾಕೆ ಊದಿಕೊಂಡಿದೆ – ಇದನ್ನೆಲ್ಲ ಮೊದಲು ನೋಡುವವರು ನೀವು. ಹೆತ್ತವರು ನೀವು, ಹೊತ್ತವರು ನೀವು, ರಾತ್ರಿ ಎದ್ದು ಹಣೆ ಮುಟ್ಟಿ ನೋಡುವವರೂ ನೀವೇ. ಇಷ್ಟು ದೇಹಗಳನ್ನು ನೋಡಿಕೊಳ್ಳುವವರಿಗೆ ದೇಹದ ಪಾಠ ಬೇಡವೆಂದು ಯಾರು ಹೇಳಿದರು?

ಅಮೆರಿಕದಲ್ಲಿ ಸಮುದಾಯ ಕಾಲೇಜು ಎಂಬ ಏರ್ಪಾಡಿದೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ ಹುಟ್ಟಿದ ಪದ್ಧತಿ ಅದು. ಮದುವೆಯಾಗಿ, ಮಕ್ಕಳಾಗಿ, ಓದು ನಿಂತುಹೋದ ಹೆಂಗಸರು ಊರಿನ ಹತ್ತಿರದ ಕಾಲೇಜಿಗೆ ಸಂಜೆ ಹೊತ್ತು ಹೋಗಿ ಮನುಷ್ಯ ದೇಹದ ರಚನೆ, ಕೆಲಸಗಳನ್ನು ಓದಿ, ಅಲ್ಲಿಂದ ನರ್ಸಿಂಗಿಗೋ ಇನ್ನೊಂದಕ್ಕೋ ಹೋಗುತ್ತಾರೆ. ನಮ್ಮ ಶಿವನಿಯಲ್ಲಿ ಅಂಥ ಕಾಲೇಜೆಲ್ಲಿ ಬಂತು? ಹುಬ್ಬಳ್ಳಿ ಕಡೆಯ ರೈಲು ಹಾಯುವ ಹೋಬಳಿ ಊರು. ಮೊನ್ನೆ ಮೊನ್ನೆಯವರೆಗೆ ತರೀಕೆರೆ ತಾಲ್ಲೂಕು, ಈಗ ಅಜ್ಜಂಪುರ ತಾಲ್ಲೂಕು. ಅಡಿಕೆ, ತೆಂಗು, ದನಕರುಗಳ ನಡುವೆ ಬೆಳಗಾಗಿ ಸಂಜೆಯಾಗುವ ಜಾಗ. ಇಲ್ಲಿ ಕೂತು ಮನುಷ್ಯ ದೇಹದ ಶಾಸ್ತ್ರ ಓದಬಹುದೇ? ಓದಬಹುದು. ಎಲ್ಲಿಂದ, ಹೇಗೆ, ಎಷ್ಟರ ಮಟ್ಟಿಗೆ ಎಂದು ಹೇಳುವುದಕ್ಕೇ ಈ ಲೇಖನ.

ಮೊದಲು ಮಗಳ ಚೀಲ ತೆಗೆಯಿರಿ

ಹಣ ಖರ್ಚು ಮಾಡಬೇಡಿ. ಹತ್ತನೇ ತರಗತಿಯ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕ ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿರುತ್ತದೆ. ಅದರಲ್ಲಿ ‘ಜೀವಕ್ರಿಯೆಗಳು’ ಎಂಬ ಪಾಠ ಹುಡುಕಿ. ಊಟ ಎಲ್ಲಿ ಹೋಗುತ್ತದೆ, ಉಸಿರು ಏನು ಮಾಡುತ್ತದೆ, ರಕ್ತ ಹೇಗೆ ಸುತ್ತುತ್ತದೆ, ಮೂತ್ರ ಹೇಗೆ ಆಗುತ್ತದೆ – ನಾಲ್ಕೂ ಅಲ್ಲೇ ಇವೆ. ಮಿದುಳು, ನರ, ಗ್ರಂಥಿಗಳ ಪಾಠ ಒಂದು, ಸಂತಾನೋತ್ಪತ್ತಿಯದೊಂದು, ಅನುವಂಶೀಯತೆಯದೊಂದು. ನಿಧಾನವಾಗಿ ಓದಿದರೂ ಮೂರು ತಿಂಗಳ ಮಧ್ಯಾಹ್ನಗಳಿಗೆ ಸಾಕಾಗುವಷ್ಟು ಸರಕಿದೆ.

ಮೊದಲ ಪುಟದಲ್ಲೇ ಎದೆ ಧಸಕ್ಕೆನ್ನಬಹುದು. ಪಿತ್ತಜನಕಾಂಗ, ಮೇದೋಜೀರಕ ಗ್ರಂಥಿ, ಹೃತ್ಕುಕ್ಷಿ, ವಪೆ... ಇವೇನು ಮಂತ್ರವೇ ಎನಿಸುತ್ತದೆ. ಕನ್ನಡದ ಪಠ್ಯಪುಸ್ತಕ ಬರೆಯುವವರ ಮೇಲೆ ನನಗೂ ಸ್ವಲ್ಪ ಸಿಟ್ಟಿದೆ. ಗುಂಡಿಗೆ, ಕರುಳು, ಮೂಳೆ ಎಂಬ ಮನೆಮಾತು ಕೈಯಲ್ಲಿದ್ದಾಗ ಯಾಕಿಷ್ಟು ಕಷ್ಟಪಡಬೇಕು? ಇರಲಿ, ಹೆಸರನ್ನು ಮೊದಲು ಬಾಯಿಪಾಠ ಮಾಡಬೇಡಿ. ಚಿತ್ರದ ಮೇಲೆ ಬೆರಳಿಟ್ಟು, ಅದು ನಿಮ್ಮ ಮೈಯಲ್ಲಿ ಎಲ್ಲಿದೆ ಎಂದು ಮುಟ್ಟಿ ನೋಡಿಕೊಳ್ಳಿ. ಬಲಗಡೆ ಪಕ್ಕೆಲುಬಿನ ಕೆಳಗೆ ಅಡಗಿ ಕೂತದ್ದೇ ಪಿತ್ತಜನಕಾಂಗ, ಅಂದರೆ ಲಿವರ್. ಪಿತ್ತರಸ ಅಲ್ಲೇ ತಯಾರಾಗುವುದು. ಮಗಳಿಗೆ ಇವತ್ತೇ ಹೇಳಿಬಿಡಿ. ಮಾಂಸದಡಿಗೆ ಮಾಡುವ ಮನೆಯವರಿಗಂತೂ ಈ ಪಾಠ ಅರ್ಧ ಬಂದ ಹಾಗೆಯೇ. ಲಿವರು, ಬೋಟಿ, ಗುಂಡಿಗೆ ತೊಳೆದ ಕೈಗೆ ಅವುಗಳ ಆಕಾರ, ಮೆದುವು ಎಲ್ಲ ಗೊತ್ತು. ವೈದ್ಯಕೀಯ ಕಾಲೇಜಿನ ಹುಡುಗರು ಅಷ್ಟು ತಿಳಿಯಲು ಒಂದು ವರ್ಷ ತೆಗೆದುಕೊಳ್ಳುತ್ತಾರೆ.

ಅಳತೆಗಳನ್ನು ಮನೆಯ ಸಾಮಾನಿಗೆ ಹೊಂದಿಸಿಕೊಂಡರೆ ಮರೆಯುವುದಿಲ್ಲ. ಸಣ್ಣ ಕರುಳಿನ ಉದ್ದ ಸುಮಾರು 6 ಮೀಟರ್. ನೀವು ಉಟ್ಟ ಸೀರೆ ಐದೂವರೆ ಮೀಟರ್! ಅಂದರೆ ಒಂದು ಸೀರೆಗಿಂತ ಉದ್ದದ ನಳಿಗೆ ನೆರಿಗೆ ನೆರಿಗೆಯಾಗಿ ಹೊಟ್ಟೆಯೊಳಗೆ ಕೂತಿದೆ. ಇಷ್ಟುದ್ದ ಯಾಕೆ? ಅರೆದ ಅನ್ನದ ಸಾರವನ್ನು ಹೀರುವುದಕ್ಕೆ ಜಾಗ ಬೇಕು. ಹುಲ್ಲು ಕರಗಿಸುವುದು ಇನ್ನೂ ಕಷ್ಟದ ಕೆಲಸ. ಅದಕ್ಕೇ ಅಜ್ಜಂಪುರದ ಅಮೃತಮಹಲ್ ಹಸುವಿಗೆ ಕರುಳು ನಮ್ಮದರ ಹಲವು ಪಟ್ಟು. ದೊಡ್ಡವರ ಮೈಯಲ್ಲಿ ರಕ್ತ ಸುಮಾರು ಐದು ಲೀಟರ್, ಸಣ್ಣ ಹಾಲಿನ ಕ್ಯಾನಿನಷ್ಟು. ಮೂತ್ರಪಿಂಡಗಳೆರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೂವರೆ-ಎರಡು ಲೀಟರ್ ಹೊರಹಾಕಿ, ಉಳಿದದ್ದೆಲ್ಲವನ್ನೂ ವಾಪಸು ಒಳಗೇ ಕಳಿಸುತ್ತವೆ. ಇಷ್ಟು ಕೆಲಸ ಮಾಡಿಯೂ ಸದ್ದಿಲ್ಲ – ನಮ್ಮ ಹಾಗೆಯೇ ಅನ್ನಿ!

ಅಡಿಗೆಮನೆಯಲ್ಲಿ ಒಂದು ಪ್ರಯೋಗ

ಎರಡು ಲೋಟಗಳಲ್ಲಿ ಸ್ವಲ್ಪ ಸ್ವಲ್ಪ ತೆಳುವಾದ ಅನ್ನದ ಗಂಜಿ ತೆಗೆದುಕೊಳ್ಳಿ. ಒಂದಕ್ಕೆ ಬಾಯಿಯ ಜೊಲ್ಲು ಒಂದು ಚಮಚದಷ್ಟು ಸೇರಿಸಿ ಕಲಕಿ. (ಅಸಹ್ಯಪಡಬೇಡಿ, ಇದು ವಿಜ್ಞಾನ.) ಎರಡನ್ನೂ ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಇಡಿ. ಆಮೇಲೆ ಗಾಯಕ್ಕೆ ಹಚ್ಚುವ ಕಂದು ಬಣ್ಣದ ಅಯೋಡಿನ್ ದ್ರಾವಣವನ್ನು ಒಂದೊಂದು ತೊಟ್ಟು ಬಿಡಿ. ಬರೀ ಗಂಜಿ ಕಡುನೀಲಿಯಾಗುತ್ತದೆ. ಜೊಲ್ಲು ಸೇರಿದ್ದು ಹಾಗಾಗುವುದಿಲ್ಲ, ಅಥವಾ ಬಣ್ಣ ಬಹಳ ತಿಳಿಯಾಗಿರುತ್ತದೆ. ಏಕೆಂದರೆ ಪಿಷ್ಟವನ್ನು ಲಾಲಾರಸದ ಅಮೈಲೇಸ್ ಆಗಲೇ ಒಡೆದು ಸಕ್ಕರೆಯ ದಾರಿಗೆ ಹಚ್ಚಿದೆ. ಅನ್ನವನ್ನು ತುಂಬ ಹೊತ್ತು ಅಗಿದರೆ ಸಿಹಿಯಾಗುವ ಗುಟ್ಟೂ ಇದೇ. “ಚೆನ್ನಾಗಿ ಅಗಿದು ತಿನ್ನೋ” ಎಂದು ಮಗನಿಗೆ ದಿನಾ ಹೇಳುವ ಮಾತಿಗೆ ಇನ್ನು ಮೇಲೆ ಸಾಕ್ಷಿ ಸಿಕ್ಕಿತು. ಲೋಟಗಳನ್ನು ಚೆಲ್ಲಿ ಚೆನ್ನಾಗಿ ತೊಳೆದಿಡುವುದು ಮರೆಯಬೇಡಿ.

ಮಣಿಕಟ್ಟಿನ ನಾಡಿಯನ್ನು ಕೂತಾಗ ಒಂದು ನಿಮಿಷ ಎಣಿಸಿ, ನಾಲ್ಕು ಕೊಡ ನೀರು ತಂದಮೇಲೆ ಮತ್ತೆ ಎಣಿಸಿ. ಆರಾಮವಾಗಿ ಕೂತ ದೊಡ್ಡವರಿಗೆ 60ರಿಂದ 100ರೊಳಗೆ ಇರುತ್ತದೆ. ಕೆಲಸ ಮಾಡುವಾಗ ಸ್ನಾಯುಗಳಿಗೆ ಹೆಚ್ಚು ರಕ್ತ ಬೇಕು, ಗುಂಡಿಗೆ ಓಡುತ್ತದೆ. ಪಾಠ ಇಷ್ಟೇ.

ಮೇಷ್ಟ್ರು ಬಿಟ್ಟ ಪಾಠ

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಸಂಗತಿಗೆ ಬರುತ್ತೇನೆ. ನಾವು ಶಾಲೆಯಲ್ಲಿದ್ದಾಗ ಸಂತಾನೋತ್ಪತ್ತಿಯ ಪಾಠ ಬಂದರೆ ಮೇಷ್ಟ್ರು ಕೆಮ್ಮಿ, “ಇದನ್ನು ನೀವೇ ಮನೆಯಲ್ಲಿ ಓದಿಕೊಳ್ಳಿ” ಎಂದು ಪುಟ ಮಗುಚುತ್ತಿದ್ದರು. ಹುಡುಗಿಯರು ತಲೆ ತಗ್ಗಿಸುತ್ತಿದ್ದರು. ಮನೆಗೆ ಬಂದರೆ ಅಮ್ಮ ಆ ಪುಟ ತೆಗೆಯಲು ಬಿಡುತ್ತಿರಲಿಲ್ಲ. ಹೀಗೆ ಬಿಟ್ಟ ಆ ಒಂದೆರಡು ಪುಟಗಳಿಗೆ ಎಷ್ಟು ಹೆಂಗಸರು ಜೀವಮಾನವಿಡೀ ಬೆಲೆ ತೆತ್ತಿದ್ದಾರೆ ಗೊತ್ತೇ?

ಮೂರನೆಯದೂ ಹೆಣ್ಣಾಯಿತು. ಬಾಣಂತಿಯ ಮುಖ ನೋಡುವವರಿಲ್ಲ. “ಇವಳ ಹೊಟ್ಟೇಲಿ ಗಂಡು ಹುಟ್ಟೋದೇ ಇಲ್ಲ” ಎಂದು ಅತ್ತೆ. ತವರಿನವರು ತಲೆ ಬಗ್ಗಿಸಿ ಕೂತಿದ್ದಾರೆ. ಗಂಡನಿಗೆ ಇನ್ನೊಂದು ಮದುವೆಯ ಮಾತು ಹಿತ್ತಲಲ್ಲಿ ನಡೆಯುತ್ತಿದೆ. ಇಂಥ ಮನೆ ನಿಮ್ಮ ಬೀದಿಯಲ್ಲಿ ಒಂದಾದರೂ ಇದ್ದೀತು. ಈಗ ಅನುವಂಶೀಯತೆಯ ಪಾಠ ತೆಗೆಯಿರಿ. ಮನುಷ್ಯನ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ. ಒಂದು ಜೊತೆ ಲಿಂಗವನ್ನು ನಿರ್ಧರಿಸುವುದು. ಹೆಂಗಸಿನಲ್ಲಿ ಆ ಜೊತೆ ಎಕ್ಸ್-ಎಕ್ಸ್, ಗಂಡಸಿನಲ್ಲಿ ಎಕ್ಸ್-ವೈ. ತಾಯಿಯ ಅಂಡದಲ್ಲಿ ಯಾವಾಗಲೂ ಎಕ್ಸ್ ಮಾತ್ರ. ಅವಳ ಹತ್ತಿರ ಬೇರೆ ಇದ್ದರೆ ತಾನೇ ಕೊಡುವುದಕ್ಕೆ! ತಂದೆಯ ವೀರ್ಯಾಣುಗಳಲ್ಲಿ ಸುಮಾರು ಅರ್ಧ ಎಕ್ಸ್, ಅರ್ಧ ವೈ. ಎಕ್ಸ್ ಬಂದು ಸೇರಿದರೆ ಹೆಣ್ಣು, ವೈ ಸೇರಿದರೆ ಗಂಡು. ಹಾಗೆಂದು ಗಂಡಸನ್ನು ಬೈಯುವಂತೆಯೂ ಇಲ್ಲ. ಯಾವುದು ಮೊದಲು ಮುಟ್ಟುವುದೆಂದು ಅವನ ಕೈಯಲ್ಲಿಲ್ಲ. ನಾಣ್ಯ ಚಿಮ್ಮಿದ ಹಾಗೆ. ಮೂರು ಸಲ ಒಂದೇ ಮುಖ ಬಿತ್ತೆಂದು ನಾಲ್ಕನೆಯ ಸಲ ಇನ್ನೊಂದು ಬಿದ್ದೇ ಬೀಳುತ್ತದೆಂಬ ಭರವಸೆಯೂ ಇಲ್ಲ.

ಇದನ್ನು ಕಂಡುಹಿಡಿದವರಲ್ಲಿ ಒಬ್ಬಳು ಹೆಂಗಸು ಎಂದರೆ ನಿಮಗೆ ಸಂತೋಷವಾಗಬಹುದು. ಹೆಸರು ನೆಟ್ಟಿ ಸ್ಟೀವನ್ಸ್. 1861ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಬಡಗಿಯೊಬ್ಬನ ಮಗಳಾಗಿ ಹುಟ್ಟಿದಳು. ಶಾಲೆಯಲ್ಲಿ ಪಾಠ ಹೇಳಿ, ಗ್ರಂಥಾಲಯದಲ್ಲಿ ಕೆಲಸ ಮಾಡಿ, ಕಾಸಿಗೆ ಕಾಸು ಕೂಡಿಸಿಟ್ಟು 1896ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದಾಗ ಅವಳಿಗೆ ಮೂವತ್ತೈದು ವರ್ಷ! ಪಕ್ಕದ ಬೆಂಚಿನಲ್ಲಿದ್ದವರೆಲ್ಲ ಅವಳ ಅರ್ಧ ವಯಸ್ಸಿನವರು. 1903ರಲ್ಲಿ ಡಾಕ್ಟರೇಟ್ ಪಡೆದಳು. 1905ರಲ್ಲಿ ಅವಳು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ್ದು ಯಾವುದನ್ನು ಅಂತೀರಿ? ಹಿಟ್ಟಿನ ಡಬ್ಬಿಯಲ್ಲಿ ಕಂಡರೆ ನಾವು ಶಾಪ ಹಾಕಿ ಜರಡಿ ಹಿಡಿಯುತ್ತೇವಲ್ಲ, ಆ ಜಾತಿಯ ಹಿಟ್ಟಿನ ಹುಳುವನ್ನು! ಹೆಣ್ಣು ಹುಳುವಿನ ಕೋಶದಲ್ಲಿ 20 ದೊಡ್ಡ ವರ್ಣತಂತು. ಗಂಡಿನಲ್ಲಿ 19 ದೊಡ್ಡವು, ಒಂದು ಮಾತ್ರ ಪುಟ್ಟದು. ಆ ಪುಟ್ಟದನ್ನು ಹೊತ್ತ ವೀರ್ಯಾಣು ಅಂಡಕ್ಕೆ ಸೇರಿದರೆ ಗಂಡು ಮರಿ ಎಂದು ಅವಳು ತೋರಿಸಿದಳು. ಅದೇ ವರ್ಷ ಎಡ್ಮಂಡ್ ವಿಲ್ಸನ್ ಎಂಬ ವಿಜ್ಞಾನಿಯೂ ಬೇರೆ ಹುಳುಗಳಲ್ಲಿ ನೋಡಿ ಇದೇ ದಾರಿಯ ತೀರ್ಮಾನಕ್ಕೆ ಬಂದಿದ್ದ. ಬಹಳ ಕಾಲ ಪುಸ್ತಕಗಳಲ್ಲಿ ಅವನ ಹೆಸರೇ ಮುಂದಿತ್ತು. 1912ರಲ್ಲಿ ಸ್ತನದ ಕ್ಯಾನ್ಸರಿನಿಂದ ಸ್ಟೀವನ್ಸ್ ತೀರಿಕೊಂಡಾಗ ಐವತ್ತು ತುಂಬಿತ್ತು, ಅಷ್ಟೆ.

ನೂರಿಪ್ಪತ್ತು ವರ್ಷದ ಹಿಂದೆ ಹಿಟ್ಟಿನ ಹುಳುವಿನಿಂದ ತಿಳಿದ ಸತ್ಯ ನಮ್ಮ ಹಿತ್ತಲಿಗೆ ಇನ್ನೂ ಬಂದಿಲ್ಲ. ಭ್ರೂಣದ ಲಿಂಗ ಪತ್ತೆ ಮಾಡಿಸುವುದು 1994ರ ಕಾಯಿದೆಯ ಪ್ರಕಾರ ಅಪರಾಧ. ಆದರೆ ಸೊಸೆಯನ್ನು ಹಳಿಯುವುದಕ್ಕೆ ಕಾಯಿದೆ ಏನು ಮಾಡೀತು? ಅದಕ್ಕೆ ಮಗಳ ಪುಸ್ತಕವೇ ಮದ್ದು. ಪುಟ ತೆಗೆದು ಅತ್ತೆಯ ಮುಂದೆ ನೀವು ಓದಲಾರಿರಿ, ಅದು ನನಗೂ ಗೊತ್ತು. ಮೊಮ್ಮಗಳ ಕೈಯಲ್ಲಿ ಗಟ್ಟಿಯಾಗಿ ಓದಿಸಿ. “ನಾಳೆ ಪರೀಕ್ಷೆ ಇದೆ ಅಜ್ಜೀ” ಎಂದರೆ ಯಾವ ಅಜ್ಜಿಯೂ ಬೇಡವೆನ್ನುವುದಿಲ್ಲ.

ಓದಿದ್ದು ಕೈಗೆ ಬಂದಾಗ

ರಕ್ತಹೀನತೆಯ ವಿಷಯ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚು ಕಡಿಮೆ ಅರ್ಧ ಮಂದಿಗೆ ಇದು ಇದೆ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಮಿಗಿಂತ, ಗರ್ಭಿಣಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು – “ಹೆಂಗಸರಿಗೆ ಇದ್ದದ್ದೇ” ಎಂದು ಸುಮ್ಮನಿರುತ್ತೇವೆ. ಆಸ್ಪತ್ರೆಯಲ್ಲಿ ಕಬ್ಬಿಣದ ಮಾತ್ರೆ ಕೊಟ್ಟರೆ ಎಂಟು ದಿನ ನುಂಗಿ, ಮಲ ಕಪ್ಪಾಯಿತೆಂದು ಹೆದರಿ, ಡಬ್ಬಿಯನ್ನು ದೇವರ ಗೂಡಿನ ಹಿಂದೆ ಇಡುತ್ತೇವೆ. ಜೀವಶಾಸ್ತ್ರ ಓದಿದವಳು ಹೀಗೆ ಮಾಡುವುದಿಲ್ಲ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಹಳೆಯವು ಹೋಗಿ ಹೊಸವು ತುಂಬಿಕೊಳ್ಳುವುದಕ್ಕೆ ತಿಂಗಳುಗಳೇ ಬೇಕು. ಎಂಟು ದಿನದಲ್ಲಿ ಏನಾದೀತು? ಮಲ ಕಪ್ಪಾಗುವುದು ಹೀರದೆ ಉಳಿದ ಕಬ್ಬಿಣದಿಂದ, ಗಾಬರಿಯಿಲ್ಲ. ಕಾಫಿ, ಟೀ ಕಬ್ಬಿಣವನ್ನು ಹಿಡಿದು ಕರುಳಿಗೆ ಬಿಟ್ಟುಕೊಡುವುದಿಲ್ಲ. ಚಿಕ್ಕಮಗಳೂರು ಜಿಲ್ಲೆಯವರಿಗೆ ಕಾಫಿ ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಮಾತ್ರೆಗೂ ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆಯಾದರೂ ಬಿಡಿ. ಸೊಪ್ಪಿನ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿ, ಅದು ಕಬ್ಬಿಣವನ್ನು ಒಳಗೆ ಕರೆದೊಯ್ಯುತ್ತದೆ.

ಮಗುವಿಗೆ ಭೇದಿಯಾದಾಗ ಕೊಡುವ ಉಪ್ಪು-ಸಕ್ಕರೆ ನೀರಿನ ಹಿಂದೆಯೂ ಇಂಥದೇ ಜಾಣತನವಿದೆ. ಕರುಳಿನ ಗೋಡೆಯಲ್ಲಿ ಸಕ್ಕರೆಯ ಅಂಶವಾದ ಗ್ಲೂಕೋಸು ಉಪ್ಪಿನ ಕೈ ಹಿಡಿದು ಒಟ್ಟಿಗೆ ಒಳಗೆ ಹೋಗುತ್ತದೆ. ಅವುಗಳ ಹಿಂದೆ ನೀರು ಹೋಗುತ್ತದೆ. ಬರೀ ನೀರು ಕೊಟ್ಟರೆ ಅಷ್ಟು ನಿಲ್ಲುವುದಿಲ್ಲ. ಆಸ್ಪತ್ರೆಯ ಓಆರ್‌ಎಸ್ ಪೊಟ್ಟಣ ಸಿಕ್ಕರೆ ಅದೇ ಉತ್ತಮ. ಸಿಗದಿದ್ದಾಗ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. “ಇನ್ನೊಂಚೂರು ಉಪ್ಪಿರಲಿ” ಎಂದು ಕೈ ಅಳತೆಯಲ್ಲಿ ಹಾಕಬೇಡಿ. ಇದು ಸಾರಲ್ಲ, ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ.

ನಮ್ಮ ಹಳ್ಳಿಗಳಲ್ಲಿ ಈ ಓದಿನ ಬೆಲೆ ತೋರಿಸಿಕೊಟ್ಟವರು ಆಶಾ ಕಾರ್ಯಕರ್ತೆಯರು. 2005ರಲ್ಲಿ ಶುರುವಾದ ಯೋಜನೆ. ಅದೇ ಊರಿನ ಸೊಸೆಯಂದಿರನ್ನು, 25ರಿಂದ 45 ವರ್ಷದವರನ್ನು ಆರಿಸಿ, ಹಂತ ಹಂತವಾಗಿ ದೇಹದ, ಬಾಣಂತನದ, ಶಿಶುವಿನ ಪಾಠ ಹೇಳಿಕೊಟ್ಟರು. ನಮ್ಮ ಪಾಲಿಗೆ ಸಮುದಾಯ ಕಾಲೇಜು ಎಂದರೆ ಅದೇ ಎನ್ನಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಅವರು 3, 7, 14, 21, 28 ಮತ್ತು 42ನೇ ದಿನ ಬರುತ್ತಾರೆ. ಬಂದಾಗ ಮಗುವಿನ ಅಂಗಿ ಎತ್ತಿ, ಗಡಿಯಾರ ನೋಡುತ್ತ ಕೂರುವುದನ್ನು ನೀವು ಕಂಡಿರಬಹುದು. ಉಸಿರು ಎಣಿಸುತ್ತಿರುತ್ತಾರೆ. ಇದನ್ನು ನೀವೂ ಕಲಿಯಿರಿ. ಮಗು ಅಳದೆ ಸುಮ್ಮನಿರುವಾಗ ಒಂದು ಪೂರ್ತಿ ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಮಗುವಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು, ನ್ಯುಮೋನಿಯಾ ಇರಬಹುದು. ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ, ಹಾಲು ಕುಡಿಯದಿದ್ದರೆ ದೃಷ್ಟಿ ತೆಗೆಯುತ್ತ ಕೂರಬೇಡಿ, 108ಕ್ಕೆ ಫೋನು ಮಾಡಿ. ಆಶಾ ತಾಯಂದಿರಿಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೌರವ ಸಲ್ಲಿಸಿತು. ಅವರಿಗೆ ಸಿಗುವುದು ಸರಿಯಾದ ಸಂಬಳವಲ್ಲ, ಗೌರವಧನ, ಪ್ರೋತ್ಸಾಹಧನ ಎನ್ನುವುದನ್ನೂ ಜೊತೆಗೇ ಹೇಳಿಬಿಡಬೇಕು.

ಹಾಗೆಂದು ನಾಲ್ಕು ಪಾಠ ಓದಿ ಡಾಕ್ಟರಾಗಿಬಿಡಬೇಡಿ. ಪಕ್ಕದ ಮನೆಯವರಿಗೆ ಮಾತ್ರೆ ಹೇಳುವುದಕ್ಕಲ್ಲ ಈ ಓದು. ಡಾಕ್ಟರ ಮುಂದೆ ಏನಾಯಿತು, ಯಾವಾಗಿನಿಂದ, ಎಷ್ಟು ಸಲ ಎಂದು ಸರಿಯಾಗಿ ಹೇಳುವುದಕ್ಕೆ, ಅವರು ಹೇಳಿದ್ದನ್ನು ಅರ್ಥ ಮಾಡಿಕೊಳ್ಳುವುದಕ್ಕೆ.

ಸರ್ಟಿಫಿಕೇಟೂ ಬೇಕೆನ್ನುವವರಿಗೆ

ಓದು ರುಚಿಸಿತು, ಪರೀಕ್ಷೆಯನ್ನೂ ಕಟ್ಟಬೇಕು ಎನಿಸಿತೇ? ಒಂದು ಅಡ್ಡಿಯಿದೆ. ನಮ್ಮ ರಾಜ್ಯದ ಪಿಯುಸಿಯನ್ನು ಮನೆಯಲ್ಲೇ ಓದಿ ಖಾಸಗಿಯಾಗಿ ಕಟ್ಟುವ ಅವಕಾಶ ಕಲೆ ಮತ್ತು ವಾಣಿಜ್ಯಕ್ಕೆ. ಪ್ರಯೋಗಾಲಯ ಬೇಕಾಗುವ ವಿಜ್ಞಾನಕ್ಕಲ್ಲ. ಇದಕ್ಕೆ ಪಕ್ಕದ ದಾರಿ ರಾಷ್ಟ್ರೀಯ ಮುಕ್ತ ಶಾಲೆ, ಎನ್‌ಐಓಎಸ್. 1989ರಲ್ಲಿ ಕೇಂದ್ರ ಸರಕಾರ ತೆರೆದದ್ದು. ಹನ್ನೆರಡನೇ ತರಗತಿಯ ಮಟ್ಟದಲ್ಲಿ ಜೀವಶಾಸ್ತ್ರ ಒಂದು ವಿಷಯ. ವಯಸ್ಸಿಗೆ ಮೇಲಿನ ಮಿತಿಯಿಲ್ಲ. ಒಂದೇ ಸಲ ಎಲ್ಲ ಕಟ್ಟಬೇಕಿಲ್ಲ. ಐದು ವರ್ಷದೊಳಗೆ ಒಂಬತ್ತು ಅವಕಾಶಗಳಲ್ಲಿ ಒಂದೊಂದೇ ವಿಷಯ ಮುಗಿಸಬಹುದು. ಬರೀ ಜೀವಶಾಸ್ತ್ರ ಒಂದನ್ನೇ ಓದುತ್ತೇನೆ ಎಂದರೂ ಬಿಡಿ ವಿಷಯದ ಪ್ರವೇಶವಿದೆ. ಪುಸ್ತಕ ಇಂಗ್ಲಿಷಿನಲ್ಲಿ ಓದಬೇಕಾದೀತು. ಅದಕ್ಕೇ ಮೊದಲು ಕನ್ನಡದ ಹತ್ತನೇ ತರಗತಿಯ ಪುಸ್ತಕ ಕರಗತವಾಗಲಿ ಎಂದೆ. ವಿಷಯ ಗೊತ್ತಿದ್ದರೆ ಇಂಗ್ಲಿಷ್ ಹೆಸರು ಅರ್ಧ ಭಯ ಕಳೆದುಕೊಳ್ಳುತ್ತದೆ. ಪ್ರಾಯೋಗಿಕ ಪರೀಕ್ಷೆಗೆ ಗೊತ್ತುಮಾಡಿದ ಕೇಂದ್ರಕ್ಕೆ ಹೋಗಲೇಬೇಕು. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಇಲ್ಲವಲ್ಲ, ದೂರದ ಲೆಕ್ಕ ಹಾಕಿ ಮನೆಯವರು ಗೊಣಗುವಂತಿಲ್ಲ.

ದುಡಿಮೆಯ ದಾರಿಯೂ ಬೇಕಾದರೆ ಸಹಾಯಕ ದಾದಿಯ, ಅಂದರೆ ಎಎನ್‌ಎಂ ಶಿಕ್ಷಣವಿದೆ. ಎರಡು ವರ್ಷ. ಪಿಯುಸಿ ಆಗಿರಬೇಕು, ಕಲಾ ವಿಭಾಗವಾದರೂ ಆದೀತು. ವಯಸ್ಸು 17ರಿಂದ 35. ಮದುವೆಯಾಗಿದ್ದರೆ ಅಡ್ಡಿಯಿಲ್ಲ. ಆದರೆ ಒಂದು ಎಚ್ಚರ: “ಆರು ತಿಂಗಳಲ್ಲಿ ನರ್ಸ್” ಎಂದು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಚೀಟಿ ನೋಡಿ ಹಣ ಕಟ್ಟಬೇಡಿ. ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಇದೆಯೇ ಎಂದು ಮೊದಲು ಕೇಳಿ. ಉತ್ತರ ತಡವರಿಸಿದರೆ ಅಲ್ಲಿಂದಲೇ ವಾಪಸು ಬನ್ನಿ.

ಪರೀಕ್ಷೆ ಬೇಡ, ಓದಿನ ಸುಖ ಸಾಕು ಎನ್ನುವವರು ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. ಅದಕ್ಕೀಗ ಅರಿವು ಕೇಂದ್ರ ಎನ್ನುತ್ತಾರೆ. ಡಾಕ್ಟರ್ ಅನುಪಮಾ ನಿರಂಜನ ಅವರ ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’ ಕೇಳಿ ನೋಡಿ. ತೀರ್ಥಹಳ್ಳಿಯಲ್ಲಿ ಹುಟ್ಟಿ, ವೈದ್ಯೆಯಾಗಿ, ಕಾದಂಬರಿಕಾರ್ತಿಯೂ ಆದ ಅವರು 1991ರಲ್ಲಿ ತೀರಿಕೊಂಡರು. ಕೆಲವು ಔಷಧಿ, ಚಿಕಿತ್ಸೆಗಳ ಮಾತು ಈಗ ಹಳತಾಗಿದೆ. ಆದರೆ ಹೆಂಗಸಿನ ದೇಹದ ಬಗ್ಗೆ ನಾಚಿಕೆಯಿಲ್ಲದೆ ಕನ್ನಡದಲ್ಲಿ ಹೇಗೆ ಮಾತಾಡಬೇಕೆಂದು ಅವರಿಂದಲೇ ಕಲಿಯಬೇಕು.

ಬಿಡುವು ಎಲ್ಲಿದೆ ಎಂಬ ಪ್ರಶ್ನೆ ಉಳಿಯಿತು. ದಿನಕ್ಕೆ ಅರ್ಧ ಗಂಟೆ ಸಾಕು. ಅಡಿಕೆ ಸುಲಿಯುವ ಕಾಲದಲ್ಲಿ ಅದೂ ಸಿಗುವುದಿಲ್ಲ, ಬಿಟ್ಟುಬಿಡಿ. ಕೊಯ್ಲು ಮುಗಿದ ಮೇಲೆ ಮತ್ತೆ ಹಿಡಿಯಿರಿ. ಒಬ್ಬರೇ ಓದಿದರೆ ನಿದ್ದೆ ಬರುತ್ತದೆ. ಬೀದಿಯ ಮೂರು ನಾಲ್ಕು ಜನ ಮಧ್ಯಾಹ್ನ ಒಂದು ಮನೆಯ ಜಗಲಿಯಲ್ಲಿ ಸೇರಿ, ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೈಯಲ್ಲಿ ಸೊಪ್ಪು ಬಿಡಿಸುತ್ತ ಕೇಳಿ. ಅರ್ಥವಾಗದ್ದನ್ನು ಚೀಟಿಯಲ್ಲಿ ಬರೆದಿಟ್ಟು, ಪ್ರೌಢಶಾಲೆಯ ವಿಜ್ಞಾನದ ಟೀಚರನ್ನು ತಿಂಗಳಿಗೊಮ್ಮೆ ಕಾಫಿಗೆ ಕರೆಯಿರಿ. ಮೊದಲ ದಿನ ‘ಜೀವಕ್ರಿಯೆಗಳು’ ಪಾಠದ ಜೀರ್ಣಾಂಗಗಳ ಚಿತ್ರ ತೆಗೆದು, ಒಂದು ಹಳೇ ಸೀರೆಯನ್ನು ಜಗಲಿಯುದ್ದಕ್ಕೂ ಬಿಚ್ಚಿಕೊಳ್ಳಿ.